ಅಣ್ಣಾವ್ರ ಮೂಗು ಬರೆದ ಕೈ ಇದು, ಸ್ವಾಮಿ!

“ಅಂಕಲ್, ಇದು ನಿಜವಾಗ್ಲೂ ಕೈಯಲ್ಲಿ ಬರ್ದಿದ್ದಾ?”

ಕೇಳಿದ ಹುಡುಗನಿಗೆ ಇಪ್ಪತ್ತು ಇಪ್ಪತ್ತೊಂದು ಇದ್ದೀತು. ಉತ್ತರಕ್ಕೂ ಕಾಯಲಿಲ್ಲ, ತೋರುಬೆರಳನ್ನು ಸೀದಾ ಅಪ್ಪುವಿನ ಕೆನ್ನೆಯ ಮೇಲೆ ಇಟ್ಟುಬಿಟ್ಟ. ಬಣ್ಣ ಇನ್ನೂ ಹಸಿ! ಬೆರಳಿಗೆ ಅಂಟಿಕೊಂಡಿತು. ನಾನು ಬಯ್ಯೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವನು ಆ ಬೆರಳನ್ನೇ ಎತ್ತಿ ಹಿಡಿದು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದ. “ನೋಡ್ರೋ, ನಿಜವಾದ ಬಣ್ಣ ಕಣ್ರೋ!” ಅಂತ ಗೆಳೆಯರನ್ನು ಕೂಗಿದ. ಮೈಮೇಲೆ ಬಂದಂತೆ ಎಲ್ಲರೂ ಓಡಿ ಬಂದರು. ಕೆನ್ನೆಯ ಮೇಲಿನ ಆ ಬೆರಳಗುರುತನ್ನು ಕುಂಚದಿಂದ ಮುಚ್ಚುವಾಗ ನನಗೆ ನಗುವೂ ಬಂತು, ಗಂಟಲೂ ಕಟ್ಟಿತು.

ಇದು ನಡೆದದ್ದು 2025ರ ಮಾರ್ಚ್ 13ರ ರಾತ್ರಿ. ಮಾರನೇ ದಿನ ‘ಅಪ್ಪು’ ಮರುಬಿಡುಗಡೆ. ಪುನೀತ್ ಬದುಕಿದ್ದಿದ್ದರೆ ಆ ತಿಂಗಳು 17ಕ್ಕೆ ಐವತ್ತು ತುಂಬುತ್ತಿತ್ತು. 2002ರಲ್ಲಿ ಅದೇ ಚಿತ್ರ ಮೊದಲು ಬಿಡುಗಡೆಯಾದಾಗಲೂ ಅದೇ ಮುಖವನ್ನು ನಾನು ಬರೆದಿದ್ದೆ. ಆಗ ಕೈ ನಡುಗುತ್ತಿರಲಿಲ್ಲ.

ಚಿತ್ರರಸಿಕ ಬಂಧುಗಳೇ, ನನ್ನ ಹೆಸರು ನಿಮಗೆ ಗೊತ್ತಿರುವ ಸಂಭವವೇ ಇಲ್ಲ. ಬ್ಯಾನರಿನ ಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ಅಂಗಡಿಯ ಹೆಸರು ಬರೆಯೋದು ವಾಡಿಕೆ, ಬರೆದವನ ಹೆಸರಲ್ಲ. ಆದರೆ ನಿಮ್ಮ ತಂದೆ ಯಾವತ್ತಾದರೂ ಕೆಂಪೇಗೌಡ ರಸ್ತೆಯಲ್ಲಿ ಬ್ಲ್ಯಾಕ್ ಟಿಕೆಟಿಗೆ ಚೌಕಾಸಿ ಮಾಡುತ್ತಾ ತಲೆ ಎತ್ತಿ ನೋಡಿದ್ದರೆ, ನನ್ನ ಕೈಬರಹ ನೋಡೇ ಇರುತ್ತಾರೆ.

ನಾನು ಅರಸೀಕೆರೆಯ ಕಡೆಯವನು. ಟೂರಿಂಗ್ ಟಾಕೀಸಿನ ಗೇಟಿನ ಮುಂದೆ ಸೀಮೆಸುಣ್ಣದಲ್ಲಿ ಅಣ್ಣಾವ್ರ ಮುಖ ಬರೆದು ತೋರಿಸಿದರೆ ನೆಲದ ಟಿಕೆಟ್ಟು ಪುಕ್ಕಟೆ ಸಿಗುತ್ತಿತ್ತು. ಅಷ್ಟೇ ನನ್ನ ಕಲಾಶಾಲೆ. 1978ರಲ್ಲಿ, ಹತ್ತೊಂಬತ್ತು ವರ್ಷದವನು, ಪ್ಯಾಸೆಂಜರ್ ರೈಲು ಹಿಡಿದು ಬೆಂಗಳೂರಿಗೆ ಬಂದು ಗಾಂಧಿನಗರದ ಹಿಂದಿನ ಗಲ್ಲಿಯಲ್ಲಿ ಒಬ್ಬ ಮೇಸ್ತ್ರಿಗಳ ಶೆಡ್ಡು ಸೇರಿಕೊಂಡೆ. ಅವರು ಮದ್ರಾಸಿನಲ್ಲಿ ಕಲಿತು ಬಂದವರು. ತಮಿಳು ಬೆರೆಸಿದ ಕನ್ನಡ, ಬಾಯಿ ತುಂಬ ಎಲೆಅಡಿಕೆ. ಮೊದಲ ಎಂಟು ತಿಂಗಳು ನನ್ನ ಕೈಗೆ ಕುಂಚ ಕೊಡಲಿಲ್ಲ. ಕೋರಾ ಬಟ್ಟೆಯನ್ನು ರೀಪರ್ ಪಟ್ಟಿಗೆ ಎಳೆದು ಮೊಳೆ ಹೊಡೆಯೋದು, ಮೈದಾ ಗಂಜಿ ಕಾಸಿ ಬಟ್ಟೆಗೆ ಬಳಿಯೋದು, ಅದು ಒಣಗಿದ ಮೇಲೆ ಬಿಳಿ ಹಚ್ಚೋದು, ಪುಡಿ ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆಯೋದು, ಸಂಜೆ ಸೀಮೆಎಣ್ಣೆಯಲ್ಲಿ ಕುಂಚ ತೊಳೆಯೋದು. ಇದೇ!

ಆ ವರ್ಷವೇ ‘ಶಂಕರ್ ಗುರು’ ಬಂತು. ಅಣ್ಣಾವ್ರದು ತ್ರಿಪಾತ್ರ, ತಂದೆ ಮತ್ತು ಇಬ್ಬರು ಮಕ್ಕಳು. ಅಂದರೆ ಒಂದೇ ಬ್ಯಾನರಿನಲ್ಲಿ ಮೂರು ಮುಖ, ಮೂರು ಮೂಗು. ಶೆಡ್ಡಿನಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ಮೇಸ್ತ್ರಿಗಳು ಸ್ಟಿಲ್ ಫೋಟೋದ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಬಟ್ಟೆಯ ಮೇಲೆ ದಾರ ಹಿಡಿದು ಅದರ ಇಪ್ಪತ್ತರಷ್ಟು ದೊಡ್ಡ ಚೌಕ ಹಾಕಿಸಿ, “ಲೇ ಹುಡ್ಗಾ, ಆ ಮೂಗು ನೀನ್ ಮಾಡು” ಅಂದರು. ನನ್ನ ಎದೆ ಡವಡವ. ಅಣ್ಣಾವ್ರ ಮೂಗು ಅಂದರೆ ಸಾಮಾನ್ಯವೇ? ಅದು ಒಂದು ಗೆರೆ ತಪ್ಪಿದರೆ ಬೇರೆ ಯಾರೋ ಆಗಿಬಿಡ್ತಾರೆ. ಅಭಿಮಾನಿಗಳು ಬಂದು ಶೆಡ್ಡಿಗೇ ಬೆಂಕಿ ಇಟ್ಟಾರು! ಒಂದೂವರೆ ದಿನ ಒಂದು ಮೂಗು ಬರೆದೆ. ಹತ್ತಿರದಿಂದ ನೋಡಿದರೆ ಬರೀ ಕೆಂಪು, ಹಸಿರು, ನೀಲಿ ಪಟ್ಟೆಗಳು. ರಸ್ತೆಯ ಆಚೆ ಹೋಗಿ ನಿಂತು ತಿರುಗಿ ನೋಡಿದೆ... ಅಣ್ಣಾವ್ರು ನನ್ನನ್ನೇ ನೋಡ್ತಾ ಇದ್ದರು.

ಆಮೇಲೆ ಊರಿಗೆ ವಾಪಸ್ಸು ಹೋಗುವ ಮಾತೇ ಬರಲಿಲ್ಲ.

ಕಟೌಟಿನ ವಿಷಯ ಒಂದು ಹೇಳಲೇಬೇಕು. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ನಾನು ಮೊದಲ ಸಲ ಒಬ್ಬನೇ 40 ಅಡಿ ಕಟೌಟು ಬರೆದಾಗ ಫೋಟೋದ ಅಳತೆಯನ್ನು ಕೂದಲೆಳೆ ತಪ್ಪದಂತೆ ಇಟ್ಟೆ. ನೆಲದ ಮೇಲೆ ಹಾಸಿದ್ದಾಗ ಅದ್ಭುತ! ಗುರುವಾರ ರಾತ್ರಿ ಸರ್ವೆ ಗಳ ಕಟ್ಟಿ, ಹಗ್ಗ ಹಾಕಿ, ಹನ್ನೆರಡು ಜನ “ಐಸಾ” ಅಂತ ಎಳೆದು ನಿಲ್ಲಿಸಿದರು. ಕೆಳಗೆ ನಿಂತು ನೋಡಿದರೆ ಏನಿದೆ? ನಾಯಕನ ಕಾಲು ಕಂಬದಂತೆ, ತಲೆ ನಿಂಬೆಹಣ್ಣಿನಂತೆ! ಮೇಸ್ತ್ರಿಗಳು ಬೈಯಲಿಲ್ಲ. ನನ್ನ ಭುಜ ಹಿಡಿದು ಫುಟ್‌ಪಾತಿನ ಮೇಲೆ ನಿಲ್ಲಿಸಿ ಹೇಳಿದರು: “ನೋಡೋನು ಇಲ್ಲಿ ನಿಂತ್ಕೊಂಡು ಕಡ್ಲೆಕಾಯಿ ತಿಂತಿರ್ತಾನೆ. ಅವನ ಕಣ್ಣಿಗೆ ಬರಿ.” ಅಂದಿನಿಂದ 40 ಅಡಿಗೆ ತಲೆಯನ್ನು ಅಳತೆಗಿಂತ ಕಾಲುಭಾಗ ದೊಡ್ಡದು ಮಾಡುತ್ತೇನೆ, ಎದೆಯನ್ನು ಸ್ವಲ್ಪ, ಸೊಂಟದಿಂದ ಕೆಳಗೆ ಇದ್ದಂತೆ. ನೆಲದ ಮೇಲೆ ನೋಡಿದವರು “ಏನ್ರೀ ಇದು, ತಲೆಗೆ ಊತ ಬಂದಿದೆ” ಅಂತ ನಗುತ್ತಾರೆ. ನಗಲಿ. ಶುಕ್ರವಾರ ಬೆಳಿಗ್ಗೆ ಬನ್ನಿ ಅಂತೀನಿ.

ಎಂಬತ್ತರ, ತೊಂಬತ್ತರ ದಶಕದ ವೈಭವ ವರ್ಣಿಸುತ್ತಾ ಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. 1987ರಲ್ಲಿ ‘ಪ್ರೇಮಲೋಕ’, 1995ರಲ್ಲಿ ‘ಓಂ’... ನನ್ನದೇ ಶೆಡ್ಡು ಮಾಡಿಕೊಂಡೆ, ಕೆಳಗೆ ಆರು ಹುಡುಗರು. ಇಬ್ಬರು ನಾಯಕರಿರುವ ಚಿತ್ರ ಬಂದರೆ ಇಬ್ಬರ ಕಡೆಯ ಅಭಿಮಾನಿಗಳೂ ಟೇಪು ಹಿಡಿದುಕೊಂಡು ಬರುತ್ತಿದ್ದರು. ಅರ್ಧ ಅಡಿ ಹೆಚ್ಚುಕಮ್ಮಿ ಆಯಿತು ಅಂತ ಒಮ್ಮೆ ರಾತ್ರೋರಾತ್ರಿ ಒಬ್ಬ ನಾಯಕನ ಕ್ರಾಪನ್ನು ಆರು ಅಂಗುಲ ಬೆಳೆಸಿದ್ದೇನೆ. ಅಭಿಮಾನ ಅಂದರೆ ಹಾಗಿತ್ತು!

ಒಂದು ಮಾತ್ರ ಆಗಲೂ ಚುಚ್ಚುತ್ತಿತ್ತು. ನಾವು ಬರೆದದ್ದು ಯಾವುದೂ ಉಳಿಯುತ್ತಿರಲಿಲ್ಲ. ಚಿತ್ರ ಎತ್ತಿದ ದಿನ ಬ್ಯಾನರೂ ಇಳಿಯುತ್ತಿತ್ತು. ಪ್ಲೈವುಡ್ಡಿಗೆ ಮತ್ತೆ ಬಿಳಿ ಬಳಿದು ಮುಂದಿನ ನಾಯಕ. ಬಟ್ಟೆಯನ್ನು ಯಾರಾದರೂ ಬೇಡಿ ಒಯ್ಯುತ್ತಿದ್ದರು. ಎಣ್ಣೆಬಣ್ಣ ಕುಡಿದ ಬಟ್ಟೆಯಲ್ಲಿ ನೀರು ಇಳಿಯೋಲ್ಲ ನೋಡಿ. ಒಂದು ಮಳೆಗಾಲ ಬಸ್ಸಿನ ಕಿಟಕಿಯಿಂದ ನೋಡಿದರೆ ಗುಡಿಸಿಲಿನ ಸೂರಿನ ಮೇಲೆ ನಾನೇ ಬರೆದ ನಾಯಕಿಯ ಒಂದು ಕಣ್ಣು, ಆಕಾಶ ನೋಡುತ್ತಾ ಮಳೆಯಲ್ಲಿ ನೆನೆಯುತ್ತಿತ್ತು. ಅಂದಿನಿಂದ ಪ್ರತಿ ಬ್ಯಾನರಿನದೂ ಒಂದು ಫೋಟೋ ತೆಗೆಸಿ ಆಲ್ಬಮ್ಮಿಗೆ ಅಂಟಿಸತೊಡಗಿದೆ. 212 ಫೋಟೋ ಇವೆ. ಆ ಆಲ್ಬಮ್ಮಿನ ಮಾತು ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಹೊಡೆತ ಬಿದ್ದದ್ದು 2003ರ ಸುಮಾರಿಗೆ. ಒಬ್ಬ ಹಂಚಿಕೆದಾರರು ಕರೆಸಿ ಒಂದು ಸುರುಳಿ ಬಿಚ್ಚಿ ತೋರಿಸಿದರು. ಹೊಳೆಯುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಯಕನ ಫೋಟೋ, ಫೋಟೋದಲ್ಲಿ ಇರುವ ಹಾಗೇ! “ಇದಕ್ಕೆ ಫ್ಲೆಕ್ಸ್ ಅಂತಾರೆ. ರಾತ್ರಿ ಕೊಟ್ರೆ ಬೆಳಿಗ್ಗೆ ಕೈಗೆ ಬರುತ್ತೆ. ರೇಟು ನಿಮ್ಮದರ ಮೂರನೇ ಒಂದು ಭಾಗ. ನೀವೇ ಹೇಳಿ, ನಾನೇನ್ ಮಾಡ್ಲಿ?” ಅಂದರು. ಒಳ್ಳೆಯ ಮನುಷ್ಯರು, ಕಾಫಿ ತರಿಸಿಕೊಟ್ಟರು. ನಾನು ಏನು ಹೇಳಲಿ? ಮಳೆಗೆ ಬಣ್ಣ ಹೋಗೋಲ್ವಾ ಅಂತ ಕೇಳಿದೆ. ಹೋಗೋಲ್ಲ ಅಂದರು.

ಮೂರು ವರ್ಷದಲ್ಲಿ ನನ್ನ ಆರು ಹುಡುಗರೂ ಚದುರಿದರು. ಒಬ್ಬ ಆಟೋ ಓಡಿಸಿದ, ಇಬ್ಬರು ಮನೆಗಳಿಗೆ ಸುಣ್ಣಬಣ್ಣ ಹೊಡೆಯಲು ಹೋದರು, ಒಬ್ಬ ಕುಡಿದು ಸತ್ತ. ಉಳಿದವರು ಎಲ್ಲಿದ್ದಾರೋ. 2006ರ ಡಿಸೆಂಬರಿನಲ್ಲಿ ‘ಮುಂಗಾರು ಮಳೆ’ ಬಂದು ಊರೆಲ್ಲ ನೆನೆದಾಗ ನನ್ನ ಶೆಡ್ಡಿನಲ್ಲಿ ಒಂದು ಬ್ಯಾನರೂ ಇರಲಿಲ್ಲ. ನಲವತ್ತೇಳು ವರ್ಷ ನನಗೆ. ಎಸ್ಸೆಸ್ಸೆಲ್ಸಿ ಫೇಲು.

“ಎಂ.ಎಫ್. ಹುಸೇನರೂ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗು ಬರೆದೇ ಹೊಟ್ಟೆ ಹೊರೆದವರು, ನೀವೂ ಕ್ಯಾನ್ವಾಸಿಗೆ ಹೋಗಿ” ಅಂತ ಒಬ್ಬ ಪತ್ರಕರ್ತರು ಸಲಹೆ ಕೊಟ್ಟರು. ಹೇಳೋದು ಸುಲಭ. ಬಾಡಿಗೆ ಯಾರು ಕಟ್ಟಬೇಕು? ನಾನು ಹೋಗಿದ್ದು ಕಂಪ್ಯೂಟರ್ ಕ್ಲಾಸಿಗೆ. ಮೀಸೆ ಚಿಗುರದ ಹುಡುಗರ ನಡುವೆ ಕೂತು ಕೋರೆಲ್ ಡ್ರಾ ಕಲಿತೆ, ‘ನುಡಿ’ಯಲ್ಲಿ ಕನ್ನಡ ಟೈಪು ಮಾಡೋದು ಕಲಿತೆ. ಮೌಸು ಹಿಡಿದರೆ ಸೋಪು ಹಿಡಿದ ಹಾಗೆ ಜಾರುತ್ತಿತ್ತು. ಮೂರು ತಿಂಗಳಿಗೆ ಕೈಗೆ ಬಂತು. ಆಮೇಲೆ ಎಲ್ಲಿ ಕೆಲಸಕ್ಕೆ ಸೇರಿದೆ ಹೇಳಿ? ಫ್ಲೆಕ್ಸ್ ಅಂಗಡಿಯಲ್ಲೇ! ನನ್ನ ಅನ್ನ ಕಿತ್ತುಕೊಂಡದ್ದೇ ನನಗೆ ಹನ್ನೆರಡು ವರ್ಷ ಅನ್ನ ಹಾಕಿತು. ಸಿನಿಮಾ ಅಲ್ಲ ಬಿಡಿ. ಪುಢಾರಿಗಳ ಹುಟ್ಟುಹಬ್ಬ, ಗಣೇಶೋತ್ಸವ, ಕಣ್ಣೀರಿನ ಶ್ರದ್ಧಾಂಜಲಿ. ಒಂದೇ ಫ್ಲೆಕ್ಸಿನಲ್ಲಿ ನಲವತ್ತು ಬೆಂಬಲಿಗರ ತಲೆ ಕೂರಿಸಬೇಕು, ಯಾರ ತಲೆಯೂ ಸಣ್ಣದಾಗಬಾರದು. ನನ್ನ ಹಳೆಯ ವಿದ್ಯೆ ಉಪಯೋಗಕ್ಕೆ ಬಂದದ್ದು ಅಲ್ಲಿ ಮಾತ್ರ.

ಆ ಹನ್ನೆರಡು ವರ್ಷ ನಾನು ಒಳಗೊಳಗೇ ಒಂದು ಹರಕೆ ಹೊತ್ತಿದ್ದೆ. ಈ ಫ್ಲೆಕ್ಸ್ ನಿಂತುಹೋಗಲಿ ಅಂತ! ಹರಕೆ ಫಲಿಸಿತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿತು, ಪಾಲಿಕೆಯವರು ಲಾರಿ ತಂದು ಊರಿನ ಫ್ಲೆಕ್ಸುಗಳನ್ನೆಲ್ಲ ಕಿತ್ತು ತುಂಬಿಕೊಂಡು ಹೋದರು. ಟಿವಿಯಲ್ಲಿ ಅದನ್ನು ನೋಡಿ ಮನೆಯಲ್ಲಿ ಪಾಯಸ ಮಾಡಿಸಿದೆ. ಮುಂದಿನ ವಾರ ಅಂಗಡಿ ಮಾಲೀಕರು ಲೆಕ್ಕ ಚುಕ್ತಾ ಮಾಡಿ, “ಸದ್ಯಕ್ಕೆ ಬರಬೇಡಿ” ಅಂದರು. ಬ್ಯಾನರು ಬರೆಯೋಕೆ ಯಾರಾದರೂ ಕರೆದರಾ? ಮೂರು ಫೋನು ಬಂದವು. ಮೂವರೂ ಕೇಳಿದ್ದು ಒಂದೇ: “ನಾಳೆ ಬೆಳಿಗ್ಗೆಗೆ ಆಗುತ್ತಾ?” ನಾಳೆ ಬೆಳಿಗ್ಗೆಗೆ ಗಂಜಿಯೇ ಒಣಗೋಲ್ಲ, ಮಾರಾಯರೇ! ಹಳೆಯ ಕೆಲಸ ಸತ್ತಿದ್ದು ಬೆಲೆಯಿಂದ ಅಂದುಕೊಂಡಿದ್ದೆ. ಜನಕ್ಕೆ ಕಾಯುವುದೇ ಮರೆತುಹೋಗಿದೆ ಅಂತ ಅವತ್ತು ಗೊತ್ತಾಯಿತು. ಆ ಹೊತ್ತಿಗೆ ಬ್ಯಾನರು ಕಟ್ಟಲು ಜಾಗವಾದರೂ ಎಲ್ಲಿತ್ತು? ಅಲಂಕಾರ್ ಎಂದೋ ಅಲಂಕಾರ್ ಪ್ಲಾಜಾ ಆಗಿತ್ತು, ಅಷ್ಟು ದೊಡ್ಡ ಕಪಾಲಿ 2017ರಲ್ಲಿ ಬಾಗಿಲು ಹಾಕಿತ್ತು. ಪೋಸ್ಟರು ಮೊದಲು ಬಿಡುಗಡೆಯಾಗುವುದು ಗೋಡೆಯ ಮೇಲಲ್ಲ, ಮೊಬೈಲಿನ ಮೇಲೆ. ನಾಯಕನ ಎತ್ತರ ಈಗ ಐದೂವರೆ ಅಂಗುಲ.

ನಡುವೆ ಕೊರೊನಾ ಬಂತು, ಹೋಯಿತು. ಆ ಎರಡು ವರ್ಷದ ಕಥೆ ಎಲ್ಲರ ಮನೆಯಲ್ಲೂ ಇದೆ, ನನ್ನದನ್ನು ಬೇರೆ ಹೇಳೋದಿಲ್ಲ.

ಈಗ ಮೊದಲು ಹೇಳಿದ ಹುಡುಗರ ವಿಷಯಕ್ಕೆ ಬರ್ತೀನಿ. ಹದಿನಾಲ್ಕು ಜನ. ಒಬ್ಬ ಗ್ಯಾರೇಜಿನಲ್ಲಿ, ಒಬ್ಬ ಊಟ ತಲುಪಿಸುವ ಕೆಲಸದಲ್ಲಿ, ನಾಲ್ವರು ಕಾಲೇಜಿನಲ್ಲಿ. 2025ರ ಫೆಬ್ರವರಿ ಕೊನೆಗೆ ಯಾರಿಂದಲೋ ವಿಳಾಸ ತಿಳಿದು ಮನೆಗೇ ಬಂದರು. “ನಮಗೆ ಫ್ಲೆಕ್ಸ್ ಬೇಡ ಅಂಕಲ್, ಅಪ್ಪು ಬಾಸ್‌ಗೆ ಕೈಯಲ್ಲೇ ಬರೆದ ಕಟೌಟ್ ಬೇಕು. 24 ಅಡಿ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ.” ಎಷ್ಟು ದಿನ ಬೇಕಾದರೂ! ಈ ಮಾತನ್ನು ಕೇಳಿ ಇಪ್ಪತ್ತು ವರ್ಷವಾಗಿತ್ತು. ತಲಾ ಇಷ್ಟು ಅಂತ ಹಾಕಿ 38,000 ರೂಪಾಯಿ ಕೂಡಿಸಿದ್ದರು. ಲೆಕ್ಕ ಕೇಳಿ: ಪ್ಲೈವುಡ್ಡು, ಮರದ ಚೌಕಟ್ಟಿಗೆ 17,500. ಬಣ್ಣ, ಎಣ್ಣೆಗೆ 4,500. ಗಳ, ಹಗ್ಗ, ಎತ್ತುವವರ ಕೂಲಿ 5,000. ಟೆಂಪೊ 2,000. ಹನ್ನೊಂದು ದಿನ ಬಗ್ಗಿ ಬರೆದದ್ದಕ್ಕೆ ನನ್ನ ಕೈಗೆ ಉಳಿದದ್ದು 9,000. ಗಾರೆ ಕೆಲಸದವನಿಗೆ ದಿನಕ್ಕೆ ಇದಕ್ಕಿಂತ ಜಾಸ್ತಿ ಕೊಡುತ್ತಾರೆ ಅಂತ ನಮ್ಮ ಮನೆಯವಳು ಅಂದಳು. ನಿಜವೇ.

ಆದರೂ ಬರೆದೆ. ಸತ್ತವರ ಮುಖ ಬರೆಯೋದು ಬೇರೆ ಕಷ್ಟ, ಸ್ವಾಮಿ. ಮೂಗಿಗೆ ಬಂದಾಗ ಕೈ ತಾನಾಗಿ ನಿಂತಿತು. 1978ರಲ್ಲಿ ತಂದೆಯ ಮೂಗು ಬರೆದ ಕೈ, 2002ರಲ್ಲಿ ಮಗನದು. 2006ರಲ್ಲಿ ತಂದೆ ಹೋದರು, 2021ರಲ್ಲಿ ಮಗ. ನಾನು ಇಲ್ಲಿ ಕುಂಚ ಹಿಡಿದುಕೊಂಡು ಕೂತಿದ್ದೇನೆ...

ನನ್ನ ತಂಗಿಯ ಮಗ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ರೀಲು ಮಾಡಿ ಹಾಕಿದ. ನಾಲ್ಕು ದಿನದಲ್ಲಿ ಎಂಟು ಲಕ್ಷ ಜನ ನೋಡಿದರಂತೆ! “ಮಾಮ, ನೀವು ವೈರಲ್!” ಅಂತ ಕುಣಿದಾಡಿದ. ದುಡ್ಡೆಷ್ಟು ಬಂತೋ ಅಂದೆ. ತಲೆ ಕೆರೆದುಕೊಂಡ. ಅದಕ್ಕಿಂತ ಯೂಟ್ಯೂಬ್ ವಾಸಿ ಅಂತ ಅಲ್ಲಿಯ ನಿಯಮ ಓದಿ ಹೇಳಿದ: ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, ಜೊತೆಗೆ ಒಂದು ವರ್ಷದೊಳಗೆ ಜನ ನೋಡಿದ್ದು 4,000 ಗಂಟೆ ಆಗಬೇಕು, ಚಿಕ್ಕ ವಿಡಿಯೋ ಆದರೆ 90 ದಿನದಲ್ಲಿ ಒಂದು ಕೋಟಿ ನೋಟ. ಅಂದರೆ ನಾನು ಬರೆಯೋದು ಸಾಲದು, ಬರೆಯೋದನ್ನು ದಿನವೂ ತೋರಿಸುತ್ತಾ ಇರಬೇಕು. ಬಣ್ಣ ಕಲಸುವಾಗ ನಗಬೇಕು. ಮಧ್ಯೆ ಮಧ್ಯೆ “ಲೈಕ್ ಮಾಡಿ” ಅನ್ನಬೇಕು. ಎರಡು ವಾರ ಪ್ರಯತ್ನಪಟ್ಟೆ. ನಗು ಬಂತು, ಬಣ್ಣ ಕೆಟ್ಟಿತು.

ಅದೇ ಮಾರ್ಚ್ ಕೊನೆಗೆ ಇನ್ನೊಂದು ಹುಚ್ಚು ಬೀಸಿತಲ್ಲ, ನಿಮಗೂ ಗೊತ್ತು. ಎಲ್ಲರೂ ತಮ್ಮ ತಮ್ಮ ಫೋಟೋವನ್ನು ಜಪಾನಿನ ಗಿಬ್ಲಿ ಸ್ಟುಡಿಯೋದ ಬೊಂಬೆಚಿತ್ರದ ಹಾಗೆ ಮಾಡಿಸಿಕೊಂಡರು, ಕಂಪ್ಯೂಟರಿನ ಬುದ್ಧಿಯಿಂದ. ಅಳಿಯ ನನ್ನದೂ ಮಾಡಿದ. ಆಮೇಲೆ ತಮಾಷೆಗೆ “ಹಳೇ ಕನ್ನಡ ಸಿನಿಮಾ ಬ್ಯಾನರಿನ ಶೈಲಿಯಲ್ಲಿ ಮಾಡು” ಅಂತ ಟೈಪು ಮಾಡಿದ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಬಂತು ನೋಡಿ! ಕೆನ್ನೆಯಲ್ಲಿ ಹಸಿರು ಪಟ್ಟೆ, ಹಣೆಯ ಮೇಲೆ ಕಿತ್ತಳೆ, ಹಿಂದೆ ಬೆಂಕಿ. ತೆಗಳಬೇಕು ಅಂತಲೇ ನೋಡಿದೆ. ಸುಳ್ಳು ಹೇಳಬಾರದು, ಕೆಟ್ಟದಾಗಿರಲಿಲ್ಲ. ಅಕ್ಷರಗಳು ಮಾತ್ರ ಯಾವ ಭಾಷೆಯದೋ. ಕಲಿಯುವ ಹುಡುಗ ನನ್ನ ಶೆಡ್ಡಿಗೆ ಬಂದು ಇದನ್ನು ತೋರಿಸಿದ್ದರೆ ಆವತ್ತೇ ಸೇರಿಸಿಕೊಳ್ಳುತ್ತಿದ್ದೆ.

ಏಪ್ರಿಲಿನಲ್ಲಿ ಇಬ್ಬರು ಯುವಕರು ಬಂದರು. ಪ್ರಚಾರದ ಕೆಲಸ ಮಾಡುವ ಚಿಕ್ಕ ಕಂಪೆನಿಯಂತೆ, ರೀಲು ನೋಡಿ ಬಂದಿದ್ದರು. ಬಹಳ ಮರ್ಯಾದೆಯವರು, ಚಪ್ಪಲಿ ಹೊರಗೆ ಬಿಟ್ಟರು, ಕಾಲಿಗೆ ನಮಸ್ಕಾರ ಮಾಡಿದರು. ಆಲ್ಬಮ್ಮನ್ನು ಒಂದೊಂದೇ ಪುಟ ತಿರುಗಿಸಿ ನೋಡಿ ಒಬ್ಬನ ಕಣ್ಣು ತುಂಬಿತು. ಅದು ನಟನೆ ಅಲ್ಲ, ನಟನೆ ನಾನು ಸಾಕಷ್ಟು ನೋಡಿದ್ದೇನೆ. 212 ಫೋಟೋಗಳನ್ನೂ ಸ್ಕ್ಯಾನ್ ಮಾಡಿಕೊಳ್ಳುತ್ತಾರಂತೆ, ಕಂಪ್ಯೂಟರಿಗೆ ಕಲಿಸುತ್ತಾರಂತೆ. ಮುಂದೆ ಯಾವ ಚಿತ್ರಕ್ಕೆ ಬೇಕಾದರೂ ನನ್ನ ಶೈಲಿಯ ಪೋಸ್ಟರು ಅದೇ ಮಾಡಿಕೊಡುತ್ತದೆ. 25,000 ರೂಪಾಯಿ, ಒಂದೇ ಕಂತು. ಜೊತೆಗೆ ಒಂದು ದಿನ ಕೂತು ನನ್ನ ಗುಟ್ಟುಗಳನ್ನು ವಿವರಿಸಬೇಕು. ತಲೆ ಎಷ್ಟು ದೊಡ್ಡದು ಮಾಡುತ್ತೇನೆ ಅನ್ನೋದನ್ನೂ ಸೇರಿಸಿ.

ಕಾಗದ ಓದಿಸಿದೆ. ಎಲ್ಲ ಕಾಲಕ್ಕೂ, ಎಲ್ಲ ಮಾಧ್ಯಮಗಳಿಗೂ, ಮುಂದೆ ಕಂಡುಹಿಡಿಯಲಿರುವ ಮಾಧ್ಯಮಗಳಿಗೂ, ಅಂತ ಇತ್ತು. ಗಾಂಧಿನಗರಕ್ಕೆ ಈ ಮಾತು ಹೊಸದಲ್ಲ. ಟಿವಿ ಮನೆಮನೆಗೂ ಬರುವ ಮುಂಚೆ ಚಿತ್ರದ ಹಕ್ಕನ್ನು ಕಾಸಿಗೆ ಕೊಟ್ಟು ಆಮೇಲೆ ಕೈ ಹಿಸುಕಿಕೊಂಡ ನಿರ್ಮಾಪಕರು ಎಷ್ಟು ಜನ! ಆದರೆ ಆಗ ಅವರ ಮನೆಯಲ್ಲೂ ದುಡ್ಡು ಬೇಕಿತ್ತು. ನಮ್ಮ ಮನೆಯಲ್ಲೂ ಬೇಕು. ಮನೆಯವಳ ಮಂಡಿ ನೋವಿಗೆ ಡಾಕ್ಟರು ಆಪರೇಷನ್ ಅಂದಿದ್ದಾರೆ. ಒಂದು ವಾರ ಕಾಗದವನ್ನು ಕುಂಚದ ಡಬ್ಬಿಯ ಕೆಳಗೆ ಇಟ್ಟುಕೊಂಡು ಒದ್ದಾಡಿದೆ. ಅಳಿಯ ಹೇಳಿದ, “ಮಾಮ, ನೀವು ಕೊಡದಿದ್ರೂ ಅವರಿಗೆ ಬೇರೆ ಕಡೆ ಸಿಗುತ್ತೆ. ರೀಲಿನಲ್ಲಿ ಹಾಕಿದ್ದು ಈಗಾಗ್ಲೇ ಊರ ಪಾಲಾಗಿದೆ.” ಅವನು ಹೇಳೋದು ನಿಜವಿರಬಹುದು. ಮನೆಯವಳು ಒಂದೇ ಮಾತು ಕೇಳಿದಳು: “ಮೇಸ್ತ್ರಿಗಳು ನಿಮಗೆ ಅದನ್ನ ಹೇಳಿಕೊಟ್ಟಾಗ ಎಷ್ಟು ದುಡ್ಡು ಇಸ್ಕೊಂಡ್ರು?”

ಆ ಮಾತಿಗೆ ಎರಡು ಅರ್ಥ ಇದೆ. ಯಾವ ಅರ್ಥದಲ್ಲಿ ಕೇಳಿದಳೋ ನಾನು ಕೇಳಲಿಲ್ಲ. ಯುವಕರಿಗೆ ಫೋನು ಮಾಡಿ, “ಆಲ್ಬಮ್ ಕೊಡೋದಿಲ್ಲಪ್ಪ. ಕಲಿಯೋಕೆ ಮನುಷ್ಯರನ್ನ ಕಳಿಸಿ, ಪುಕ್ಕಟೆ ಕಲಿಸ್ತೀನಿ” ಅಂದೆ. ಆ ಕಡೆಯಿಂದ “ಸರಿ ಸಾರ್, ನೋಡೋಣ” ಅಂದರು. ಇದುವರೆಗೂ ಯಾರೂ ಬಂದಿಲ್ಲ. ತಪ್ಪು ಮಾಡಿದೆನಾ? ರಾತ್ರಿ ಮಂಡಿ ನೋವಿಗೆ ಅವಳು ಮಗ್ಗುಲು ಬದಲಿಸುವಾಗೆಲ್ಲ ಹೌದು ಅನ್ನಿಸುತ್ತೆ.

ಮೊನ್ನೆ ಬೆಳಿಗ್ಗೆ ಆ ಕೆನ್ನೆಗೆ ಬೆರಳಿಟ್ಟ ಹುಡುಗ ಫೋನು ಮಾಡಿದ. ಇನ್ನೊಂದು ಹಳೆಯ ಚಿತ್ರ ಮತ್ತೆ ಬರುತ್ತಂತೆ. “ಅಂಕಲ್, ಈ ಸಲ 30 ಅಡಿ. ನಾನು ಮತ್ತೆ ನನ್ನ ಫ್ರೆಂಡು ಬಂದು ಬಣ್ಣ ಅರೆದುಕೊಡಬಹುದಾ? ಎಷ್ಟಾಗುತ್ತೆ ಹೇಳಿ.” ಬಣ್ಣ ಅರೆಯೋಕೆ ಬೆಳಿಗ್ಗೆ ಆರಕ್ಕೆ ಬರಬೇಕು, ತಡವಾದರೆ ಬಾಗಿಲು ತೆಗೆಯೋಲ್ಲ ಅಂದೆ. ರೇಟು ಹೇಳುವಾಗ ಈ ಸಲ ಸಾಮಾನಿನ ಖರ್ಚು ಬೇರೆ, ನನ್ನ ಕೂಲಿ ಬೇರೆ, ದಿನಕ್ಕೆ 1,500 ಅಂತ ಬಿಡಿಸಿ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ! ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಯಾರ ಜೊತೆಗೋ ಗುಸುಗುಸು ಮಾತಾಡಿದ್ದು ಕೇಳಿಸಿತು.

“ಆಯ್ತು ಅಂಕಲ್, ಅಡ್ವಾನ್ಸ್ ಈಗ್ಲೇ ಕಳಿಸ್ತೀವಿ” ಅಂದ. ಹತ್ತು ನಿಮಿಷಕ್ಕೆ ಫೋನು ಟಿಣ್ ಅಂತು. 5,000 ರೂಪಾಯಿ. ಚೀಲ ತಗೊಂಡು ಅಗಸೆ ಎಣ್ಣೆ ತರೋಕೆ ಚಿಕ್ಕಪೇಟೆ ಕಡೆ ಹೊರಟೆ.